ತಂಬಿಗೆ ಕೆಳಗಿಟ್ಟವರು

ಇವತ್ತು ಬೆಳಗ್ಗೆ ಅಂಗಳ ಗುಡಿಸಿ ನೀರು ಚಿಮುಕಿಸಿದೆ. ಬಟ್ಟೆಯಲ್ಲಿ ಕಟ್ಟಿಟ್ಟ ಮಡಿಕೆಕಾಳು ಮೊಳಕೆಯೊಡೆದಿದ್ದವು, ಒಗ್ಗರಣೆ ಕೊಟ್ಟೆ. ರೊಟ್ಟಿ ಬಡಿದೆ. ಅಮೀನಗಡದ ಕರದಂಟಿನ ಅಂಗಡಿಯೊಂದರಲ್ಲಿ ಬೆಲ್ಲದ ಪಾಕ ಹಿಡಿಯುವ ನಮ್ಮ ಯಜಮಾನರಿಗೆ ಡಬ್ಬಿ ಕಟ್ಟಿದೆ. ನನ್ನ ಡಬ್ಬಿ ಚೀಲಕ್ಕೆ ಹಾಕಿಕೊಂಡು ರಸ್ತೆಗೆ ಬಂದು ಗಣಿಯ ಜೀಪು ಹತ್ತಿದೆ. ಗುಡ್ಡದ ಮೇಲೆ ನೆಲದೊಳಕ್ಕೆ ಇಳಿಸಿದ ಕೊಳವೆಗಳಿಗೆ ಅಳತೆ ಪಟ್ಟಿ ಇಳಿಸಿ ನೀರು ಎಷ್ಟು ಆಳದಲ್ಲಿದೆ ಎಂದು ನೋಡಿದೆ. ಹೊಂಡದ ನೀರು ತುಂಬಿದ ಬಾಟಲಿಗಳಿಗೆ ಚೀಟಿ ಅಂಟಿಸಿದೆ. ನೀರಿನ ಹುಳಿ ಅಳೆಯುವ ಮೀಟರಿನ ಗಾಜಿನ ಕಡ್ಡಿ ತೊಳೆದು ಒರೆಸಿಟ್ಟೆ. ಡಬ್ಬಿ ಬಿಚ್ಚುವ ಹೊತ್ತಿಗೆ ಶಿರೂರಿನಿಂದ ಫೋನು ಬಂತು. ನನಗೆ ಈ ಕೆಲಸ ಕಲಿಸಿದ ಹಿರಿಯರು ಹೋಗಿಬಿಟ್ಟಿದ್ದರು. ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಕಟ್ಟೆಗೆ ಬಂದು ಕೂತವರು ಹಾಗೇ ಗೋಡೆಗೆ ಒರಗಿದರಂತೆ.

ಜೀಪಿನ ಡ್ರೈವರನಿಗೆ ಹೇಳಿದೆ. ಅವನು ಕೂಡಲೇ ಜೀಪು ತಿರುಗಿಸಿದ.

ಶಿರೂರಿನಲ್ಲಿ ಮಣ್ಣು ಕೊಟ್ಟು ಕೈ ತೊಳೆಯುವಾಗ ಅವರ ಸೋದರಳಿಯ ಅಳುತ್ತಲೇ ನಕ್ಕು ಹೇಳಿದ: "ಭಾಳ ಅಂಜುಬುರುಕ ಇದ್ರು ನೋಡ್ರಿ ನಮ್ಮ ಮಾವ. ಹಲ್ಲಿ ಲೊಚಗುಟ್ಟಿದ್ರ ಹೊಸ್ತಿಲ ದಾಟತಿದ್ದಿಲ್ಲ." ನಮ್ಮ ಡ್ರೈವರ್ ತಲೆ ಆಡಿಸಿದ. "ಹೌದ್ರಿ, ಭಾಳ ಅಂಜತಿದ್ರು" ಎಂದವನೇ ಜೀಪಿನ ಹಿಂದೆ ಹೋಗಿ ನಿಂತುಕೊಂಡ. ಅಷ್ಟು ಹೊತ್ತು ಏನು ಮಾಡುತ್ತಿದ್ದನೋ, ನಾನು ನೋಡಲು ಹೋಗಲಿಲ್ಲ.

ಖರೆ. ಅವರು ಅಂಜುಬುರುಕರೇ. ಅವರ ಬಗ್ಗೆ ಬರೆಯುವುದಾದರೆ ಅದರಿಂದಲೇ ಸುರುಮಾಡಬೇಕು.

ನಮ್ಮ ಗಣಿ ಅಮೀನಗಡದಿಂದ ಒಳಗೆ, ಡಾಂಬರು ಮುಗಿದ ಮೇಲೂ ಬಹಳ ಹೊತ್ತು ಸಾಗಿದರೆ ಸಿಗುವ ಕೆಂಪು ಗುಡ್ಡದಲ್ಲಿದೆ. ಅಲ್ಲಿ ಅದಿರು ತೆಗೆಯುವವರು ಬೇರೆ. ನಾವು ನೀರು ನೋಡುವವರು. ಗುಡ್ಡದ ನೆಲದೊಳಗೆ ನೀರು ಏರಿತೇ ಇಳಿಯಿತೇ, ಅಗೆದ ಹೊಂಡದಲ್ಲಿ ನಿಂತ ನೀರಿಗೆ ಏನು ಸೇರಿದೆ, ಅದು ಹಳ್ಳಕ್ಕೆ ಹೋಗುತ್ತಿದೆಯೇ, ಕೆಳಗಿನ ಊರುಗಳ ಬೋರ್‌ವೆಲ್ಲಿನ ನೀರು ಹೇಗಿದೆ ಎಂದು ಸುತ್ತಿ ನೋಡಿ ಬರೆದಿಡುವುದು ನಮ್ಮ ಕೆಲಸ. ಬಾಟಲಿಗಳು ನಗರದ ಲ್ಯಾಬಿಗೆ ಹೋಗುತ್ತವೆ. ಅಲ್ಲಿಂದ ವರದಿ ಬರುವಷ್ಟರಲ್ಲಿ ನಾವು ಮುಂದಿನ ಬಾಟಲಿಗಳನ್ನು ತುಂಬುತ್ತಿರುತ್ತೇವೆ.

ನಾನು ಕೆಲಸಕ್ಕೆ ಸೇರಿದ ಮೊದಲ ದಿನ ಅವರು ನನ್ನನ್ನು ಒಂದು ಕೊಳವೆಯ ಹತ್ತಿರ ನಿಲ್ಲಿಸಿ ಕೈಗೆ ಕಲ್ಲು ಕೊಟ್ಟರು.

"ಬಡಿ."

"ಯಾಕ್ರಿ?"

"ಒಳಗ ಯಾರರ ಇದ್ರ ಹೊರಗ ಬರಲಿ."

"ಕೊಳವಿಯೊಳಗ ಯಾರಿರ್ತಾರ್ರಿ?"

"ಅದು ತಿಳಿಯೂದು ಬ್ಯಾಡ ಅಂತನ ಬಡಿಯೂದು."

ಬಡಿದು, ಹಿಂದೆ ಸರಿದು, ಸ್ವಲ್ಪ ನಿಂತು, ಆಮೇಲೆ ಮುಚ್ಚಳಕ್ಕೆ ಕೈ ಹಾಕಬೇಕು. ಚೇಳು, ಜೇನು, ಒಮ್ಮೊಮ್ಮೆ ಬರೀ ಬಿಸಿಗಾಳಿ. ಅವರಿಗೆ ಬಿಸಿಗಾಳಿಯೂ ಆಗುತ್ತಿರಲಿಲ್ಲ. ಮುಖ ತಿರುಗಿಸಿ ಮುಚ್ಚಳ ತೆಗೆಯುತ್ತಿದ್ದರು, ಸಣ್ಣ ಹುಡುಗರು ಕುದಿಯುವ ಎಣ್ಣೆಗೆ ಭಜಿ ಬಿಡುವ ಹಾಗೆ. ಅಳತೆ ಪಟ್ಟಿಯ ತುದಿ ನೀರು ಮುಟ್ಟಿ ಕುಂಯ್ ಎಂದರೆ ಒಂದು ಸಣ್ಣ ನಿಟ್ಟುಸಿರು. "ಐತಿ" ಎನ್ನುತ್ತಿದ್ದರು. ನೀರು ಎಲ್ಲೋ ಬಿಟ್ಟುಹೋಗಿರಬಹುದೆಂದು ಅವರಿಗೆ ಪ್ರತಿ ಸಲವೂ ಅನುಮಾನ.

ಉದ್ದ ಮನುಷ್ಯ, ಆದರೆ ಬಾಗಿಲು ಎಷ್ಟೇ ಎತ್ತರ ಇದ್ದರೂ ತಲೆ ತಗ್ಗಿಸಿಯೇ ದಾಟುವವರು. ತೋಳು ತುಂಬ ಅಂಗಿ, ಬಿಸಿಲಿಗೂ ಮೇಲಿನ ಗುಂಡಿ ಹಾಕಿಕೊಂಡೇ ಇರಬೇಕು. ಗಣಿಯಲ್ಲಿ ಕೊಟ್ಟ ಹೆಲ್ಮೆಟ್ಟನ್ನು ಬಸ್ಸಿನಲ್ಲೂ ತೆಗೆಯುತ್ತಿರಲಿಲ್ಲ. ಕಂಡಕ್ಟರ್ ಒಮ್ಮೆ, "ಸಾಹೇಬ್ರ, ಬಸ್ ಗಟ್ಟಿ ಐತ್ರಿ, ತೆಗೀರಿ ಅದನ್ನ" ಎಂದಿದ್ದಕ್ಕೆ, "ಬಸ್ ಗಟ್ಟಿ ಇರ್ಬಹುದಪ್ಪಾ, ಎದುರಿಗೆ ಬರೂ ಲಾರಿ ಅದಕಿಂತ ಗಟ್ಟಿ ಇದ್ರ?" ಎಂದರು. ಇಡೀ ಬಸ್ಸು ನಕ್ಕಿತು. ಅವರೂ ನಕ್ಕರು, ಹೆಲ್ಮೆಟ್ಟಿನ ಪಟ್ಟಿ ಇನ್ನಷ್ಟು ಬಿಗಿಮಾಡುತ್ತ.

ಹೊಂಡದ ನೀರು ತೆಗೆಯುವಾಗ ಅವರನ್ನು ನೋಡಬೇಕಿತ್ತು. ಗಣಿಯ ಹೊಂಡ ಅಂದರೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಕೆಂಪು ಗೋಡೆ, ತಳದಲ್ಲಿ ಹಸಿರು ನೀರು. ಅಂಚಿಗೆ ಹೋಗುವ ಮೊದಲು ಹಗ್ಗದ ಒಂದು ತುದಿಯನ್ನು ಸೊಂಟಕ್ಕೆ, ಇನ್ನೊಂದನ್ನು ಜೀಪಿನ ಮುಂದಿನ ಕೊಕ್ಕೆಗೆ ಕಟ್ಟುತ್ತಿದ್ದರು.

ನಮ್ಮ ಡ್ರೈವರ್ ಆಗ ಹೊಸದಾಗಿ ಮದುವೆಯಾಗಿದ್ದ. ನಾಲಿಗೆ ಚುರುಕು. "ಕಾಕಾ, ಜೀಪಿಗೆ ಕಟಗೊಂಡೀರಿ, ನಾ ಮರತು ರಿವರ್ಸ್ ಹಾಕಿದ್ರ ಏನ್ ಮಾಡ್ತೀರಿ?" ಎಂದ ಒಮ್ಮೆ.

ಅವರ ಮುಖದ ಬಣ್ಣ ಹೋಯಿತು. ಅದನ್ನು ಅವರು ಯೋಚಿಸಿಯೇ ಇರಲಿಲ್ಲ. ಅವತ್ತಿನಿಂದ ಹೊಂಡದ ಅಂಚಿಗೆ ಹೋಗುವ ಮೊದಲು ಜೀಪಿನ ಕೀಲಿ ತೆಗೆದು ತಮ್ಮ ಕಿಸೆಗೆ ಹಾಕಿಕೊಳ್ಳತೊಡಗಿದರು. ಡ್ರೈವರ್ ಗಣಿಯ ತುಂಬ ಹೇಳಿಕೊಂಡು ತಿರುಗಿದ. "ನಮ್ಮ ಕಾಕಾ ಇದ್ದಾರಲ್ಲ, ತಮ್ಮ ನೆರಳಿಗೂ ಹಗ್ಗಾ ಕಟ್ತಾರ."

ನನಗೆ ಮಾತ್ರ ಹೇಳಿದ್ದರು: "ನಾ ಬಿದ್ರ ಎಳಿಯಾಕ ಬರಬ್ಯಾಡ ತಂಗಿ. ಒದರು. ಎಳಿಯಾಕ ಬಂದ್ರ ಇಬ್ಬರೂ ಹೋಗ್ತೇವಿ, ಒದರಾಕ ಯಾರೂ ಉಳಿಯೂದಿಲ್ಲ." ಆಮೇಲೆ, "ನಿನಗ ಒದರಾಕ ಬರ್ತೈತಿಲ್ಲೋ? ಒಮ್ಮೆ ಒದರಿ ತೋರಸು" ಎಂದರು. ನಾನು ನಕ್ಕೆ. ಅವರು ನಗಲಿಲ್ಲ. ನಾನು ಒದರಿ ತೋರಿಸಬೇಕಾಯಿತು.

ಸಿಡಿಮದ್ದು ಹಾರಿಸುವ ಸೈರನ್ ಆದಾಗ ಎಲ್ಲರೂ ಕಿವಿ ಮುಚ್ಚಿಕೊಂಡರೆ ಅವರು ಬಾಯಿ ತೆರೆಯುತ್ತಿದ್ದರು. ಬಾಯಿ ತೆರೆದಿದ್ದರೆ ಕಿವಿಯ ತಮಟೆ ಒಡೆಯುವುದಿಲ್ಲ ಎಂದು ಎಲ್ಲೋ ಕೇಳಿದ್ದರು. ಹೀಗೆ ಕಣ್ಣು ಮುಚ್ಚಿ, ಬಾಯಿ ತೆರೆದು, ನಮ್ಮ ಷೆಡ್ಡಿನ ಮೂಲೆಯಲ್ಲಿ ನಿಂತಿರುತ್ತಿದ್ದರು. ನೆಲ ಅದುರಿ, ತಗಡು ಗಡಗಡ ಅಂದು, ಬಾಟಲಿಗಳು ಒಂದಕ್ಕೊಂದು ತಾಗಿ ಸುಮ್ಮನಾದ ಮೇಲೂ ಸ್ವಲ್ಪ ಹೊತ್ತು ಹಾಗೆಯೇ. "ಅಂಜಿಕಿ ಬಂತಂದ್ರ ನಡಕ ಬಾಯಿ ಹಾಕಬಾರ್ದು ತಂಗಿ, ಅದರ ಮಾತು ಅದು ಮುಗಸ್ಲಿ" ಎನ್ನುತ್ತಿದ್ದರು.

ಇನ್ನು ಮ್ಯಾನೇಜರ್ ಫೋನು ಮಾಡಿದರಂತೂ ಎದ್ದು ನಿಂತೇ ಮಾತಾಡುವುದು. ಅತ್ತ ಕಡೆ ಫೋನು ಇಟ್ಟ ಮೇಲೂ "ಹೂನ್ರಿ, ಹೂನ್ರಿ" ನಡೆದಿರುತ್ತಿತ್ತು.

ಇಷ್ಟು ಅಂಜುವ ಮನುಷ್ಯ ಒಂದು ಕೆಲಸಕ್ಕೆ ಮಾತ್ರ ಹಿಂದೆಮುಂದೆ ನೋಡುತ್ತಿರಲಿಲ್ಲ. ಅದು ಮಂದಿಯ ಮನೆಯ ನೀರು ಕುಡಿಯುವುದು.

ನಮ್ಮ ಕಡೆ ಯಾರ ಮನೆಗೆ ಹೋದರೂ ಮಾತಿಗಿಂತ ಮೊದಲು ತಂಬಿಗೆ ಬರುತ್ತದೆ. ಬೋರಿನ ನೀರು ತೆಗೆಯಲು ಕೆಳಗಿನ ಊರುಗಳಿಗೆ ಹೋದರೆ ನಮಗೂ ಹಾಗೆಯೇ. ಜೀಪಿನ ಸದ್ದು ಕೇಳಿದರೆ ಸಾಕು, ಒಳಗಿಂದ ತಂಬಿಗೆ, ಮೇಲೊಂದು ಬೆಲ್ಲದ ಚೂರು. ಅವರು ಬೆಲ್ಲ ಬಾಯಿಗೆ ಹಾಕಿಕೊಂಡು, ತಂಬಿಗೆ ಮೇಲೆತ್ತಿ ಗಟಗಟ ಕುಡಿಯುವರು. ಓಣಿಯ ಮಂದಿ ನೋಡುತ್ತ ನಿಂತಿರುತ್ತಿದ್ದರು. ಮೊದಮೊದಲು ನನಗೆ ಅರ್ಥವಾಗಿರಲಿಲ್ಲ. ಆ ಮಂದಿ ನೋಡುತ್ತಿದ್ದುದು ಅವರ ಗಂಟಲನ್ನು. ಲ್ಯಾಬಿನ ವರದಿ ಆ ಓಣಿಗೆ ಎಂದೂ ಬಂದದ್ದಿಲ್ಲ. ನೀರಿನ ಸಾಹೇಬರು ಕುಡಿದರು, ಹಾಗಾದರೆ ನೀರು ಚೊಲೋ ಐತಿ. ಅಲ್ಲಿಗೆ ಮುಗಿಯಿತು.

ಒಮ್ಮೆ ನಾನು, "ಪರೀಕ್ಷೆ ಮಾಡೂಕಿಂತ ಮೊದಲ ಕುಡೀತೀರಲ್ರಿ, ಅಂಜಿಕಿ ಬರೂದಿಲ್ಲೇನು?" ಎಂದು ಕೇಳಿದ್ದೆ.

"ಒಲ್ಲೆ ಅನ್ನಾಕ ಹೆಚ್ಚಿನ ಅಂಜಿಕಿ ಬರ್ತೈತಿ ತಂಗಿ" ಎಂದಿದ್ದರು. "ನೀರು ಒಲ್ಲೆ ಅಂದ್ರ ನಿಮ್ಮ ಮನಿ ಒಲ್ಲೆ ಅಂದಂಗ."

ನೀರಿನ ಬಗ್ಗೆ ಮಂದಿಗೆ ಏನೂ ಹೇಳಕೂಡದೆಂದು ನಮಗೆ ಆಜ್ಞೆಯಿತ್ತು. ನಮ್ಮ ಹತ್ತಿರ ಕಾಗದದ ಸಣ್ಣ ಪಟ್ಟಿಗಳಿರುತ್ತವೆ. ಸಿಡಿಮದ್ದಿನಲ್ಲಿರುವ ಒಂದು ಬಗೆಯ ಉಪ್ಪು ಬಂಡೆಗಳ ಬಿರುಕಿನಿಂದ ನೀರಿಗೆ ಇಳಿಯುತ್ತದೆ. ಇಳಿದಿದ್ದರೆ ಪಟ್ಟಿ ಗುಲಾಬಿಯಾಗುತ್ತದೆ, ಹೆಚ್ಚಾದಷ್ಟೂ ಗಾಢ. ಆದರೆ ಪಟ್ಟಿಯ ಬಣ್ಣ ಲೆಕ್ಕಕ್ಕಿಲ್ಲ, ಅದನ್ನು ಬರೆದು ಮ್ಯಾನೇಜರಿಗೆ ಕೊಡಬೇಕು. ಲ್ಯಾಬಿನ ವರದಿ ಬಂದ ಮೇಲೆ ಹೇಳಬೇಕಾದ್ದನ್ನು ಹೇಳಬೇಕಾದವರು ಹೇಳುತ್ತಾರೆ. ಬಾಯಿಬಿಟ್ಟ ಹಿಂದಿನ ಒಬ್ಬನನ್ನು ಮನೆಗೆ ಕಳಿಸಿದ್ದರಂತೆ. ಅವನ ಸುದ್ದಿ ಬಂದಾಗೆಲ್ಲ ಅವರು ಹೆಲ್ಮೆಟ್ಟು ಸರಿಮಾಡಿಕೊಳ್ಳುತ್ತಿದ್ದರು.

ಡ್ರೈವರನ ಮನೆ ನಮ್ಮ ಸುತ್ತಿನಲ್ಲೇ ಬರುತ್ತಿತ್ತು, ಗುಡ್ಡದ ಬುಡದಲ್ಲಿ ಕೆಲವೇ ಮನೆಗಳಿರುವ ಕೇರಿಯಲ್ಲಿ. ಅವನು, ಅವನ ಅವ್ವ, ಹೆಂಡತಿ. ಒಂದು ಗಂಡುಕೂಸು ಹುಟ್ಟಿತು. ಬಾಣಂತಿಗೆ ವಿಷಮಜ್ವರ ಬಂದು ಎದೆಹಾಲು ಬತ್ತಿತು. ಹಾಲಿನ ಪುಡಿಯನ್ನು ನೀರಿನಲ್ಲಿ ಕಲಸಿ ಬಾಟಲಿಯಲ್ಲಿ ಕುಡಿಸುತ್ತಿದ್ದರು. ಜೀಪು ನಡೆಸುತ್ತ ಅವನಿಗೆ ಕೂಸಿನದೇ ಮಾತು. "ಅಕ್ಕಾರ, ನಿನ್ನೆ ನಕ್ಕಾನ್ರಿ. ಕಾಕಾ, ನೀವೂ ಒಮ್ಮೆ ಎತ್ತಿಕೊಳ್ರಿ. ಹಗ್ಗಾ ಕಟಗೊಂಡರ ಎತ್ತಿಕೊಳ್ರಿ!"

ಆ ವರ್ಷ ಗಣಿಯವರು ಗುಡ್ಡದ ಆ ಮಗ್ಗುಲಲ್ಲೂ ಸಿಡಿಸಲು ಸುರುಮಾಡಿದ್ದರು. ಮೇಲೆ ಒಳ್ಳೆಯ ಮಳೆಯೂ ಆಗಿತ್ತು. ಹೊಂಡದ ನೀರನ್ನು ಪಂಪು ಹಚ್ಚಿ ಕೇರಿಯ ಹಿಂದಿನ ಹಳ್ಳಕ್ಕೆ ಬಿಡುತ್ತಿದ್ದರು.

ಆ ದಿನ ಕೇರಿಗೆ ಹೋದಾಗ ಡ್ರೈವರ್ ಟಾಯರ್ ಗಾಳಿ ನೋಡುತ್ತ ನಿಂತ. ನಾವಿಬ್ಬರು ನೇರ ಬೋರಿನ ನಳದ ಹತ್ತಿರ ಹೋದೆವು. ನಾನು ನೀರು ಹಿಡಿದೆ. ಅವರು ಪಟ್ಟಿ ಅದ್ದಿ, ಕೊಡವಿ, ಬಿಸಿಲಿಗೆ ಹಿಡಿದರು. ಕಳೆದ ಸುತ್ತಿನಲ್ಲಿ ಅದು ತಿಳಿ ಗುಲಾಬಿಯಾಗಿತ್ತು, ಹೌದೋ ಅಲ್ಲವೋ ಎಂಬಷ್ಟು. ಈ ಸಲ ನೋಡುತ್ತಿದ್ದಂತೆ ಏರಿತು. ಇಳಕಲ್ ಸೀರೆಯ ಸೆರಗಿನ ಕೆಂಪು.

"ಪಟ್ಟಿ ಕೆಟ್ಟಿರಬೇಕ್ರಿ" ಎಂದೆ.

ಇನ್ನೊಂದು ಅದ್ದಿದರು. ಅದೂ ಹಾಗೆಯೇ. ಡಬ್ಬಿ ಬದಲಿಸಿ ಮತ್ತೊಂದು ತೆಗೆದರು. ಅದೂ ನೀರು ಮುಟ್ಟಿದ ಕೂಡಲೇ ಕೆಂಪಾಯಿತು. ದೊಡ್ಡವರಿಗೆ ಇದರಿಂದ ಕೂಡಲೇ ಏನೂ ಆಗಲಿಕ್ಕಿಲ್ಲ. ಹಸುಗೂಸಿನ ರಕ್ತ ಮಾತ್ರ ಈ ಉಪ್ಪಿಗೆ ಸೋಲುತ್ತದೆ, ಉಸಿರು ಹೊತ್ತೊಯ್ಯುವುದನ್ನೇ ಬಿಡುತ್ತದೆ ಎಂದು ನಮಗೆ ತರಬೇತಿಯಲ್ಲಿ ಹೇಳಿದ್ದರು.

ಒಳಗೆ ಹೋದೆವು. ಅಜ್ಜಿ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಕೂತಿದ್ದಳು. ಸೊಸೆ ಒಳಗಿಂದ ತಂಬಿಗೆ ತಂದು ಅವರ ಕೈಗೆ ಕೊಟ್ಟಳು. ನಾನು ಕೂಸಿನ ಮುಖ ನೋಡಿದೆ. ತುಟಿ ನೇರಳೆ ಹಣ್ಣು ತಿಂದ ಹಾಗಿತ್ತು. ಉಗುರುಗಳೂ.

"ಬಣ್ಣ ನೋಡ್ರಿ ಬಣ್ಣ" ಎಂದಳು ಅಜ್ಜಿ ನಗುತ್ತ. "ಹುಟ್ಟಿದಾಗ ಕೆಂಪಗಿದ್ದ, ಈಗ ಅಪ್ಪನಂಗ ಕರೀ ಆಗಾಕ ಹತ್ಯಾನ."

"ನಿನ್ನೆಯಿಂದ ಅಳೂದ ಬಿಟ್ಟಾನ್ರಿ" ಎಂದಳು ಸೊಸೆ. "ಬರೇ ಮಲಗತಾನ. ಭಾಳ ಶಾಣ್ಯಾ ಆಗ್ಯಾನ."

ಅವರನ್ನು ನೋಡಿದೆ. ತಂಬಿಗೆ ಹಿಡಿದು ನಿಂತಿದ್ದರು. ಬಾಗಿಲಲ್ಲಿ ಪಕ್ಕದ ಮನೆಯ ಹೆಂಗಸರು ಆಗಲೇ ಬಂದು ನಿಂತಿದ್ದರು, ರೂಢಿಯಂತೆ. ಅವರು ತಂಬಿಗೆಯನ್ನು ಬಾಯಿಯ ತನಕ ತಂದರು. ಮತ್ತೆ ಇಳಿಸಿದರು. ಬಗ್ಗಿ, ಸದ್ದಾಗದಂತೆ ನೆಲಕ್ಕಿಟ್ಟರು.

ಅಷ್ಟರಿಂದಲೇ ಇವರಿಗೆ ತಿಳಿಯಲಿ, ಬಾಯಿ ಬಿಡುವುದು ಬೇಡ ಎಂದುಕೊಂಡಿದ್ದರೆಂದು ಆಮೇಲೆ ನನಗೆ ಹೇಳಿದರು. ಆದರೆ ಯಾರಿಗೂ ತಿಳಿಯಲಿಲ್ಲ. ಸೊಸೆ ತಂಬಿಗೆ ಎತ್ತಿಕೊಂಡು ಹೋಗಿ, ಬೂದಿ ಹಚ್ಚಿ ತಿಕ್ಕಿ, ಬೇರೆ ನೀರು ತುಂಬಿ ತಂದಳು. ಅದನ್ನೂ ಅವರು ಮುಟ್ಟಲಿಲ್ಲ.

ಅಜ್ಜಿಯ ನಗು ಹೋಯಿತು. "ಯಾಕ್ರಿ ಸಾಹೇಬ್ರ? ಇಷ್ಟು ದಿನಾ ಕುಡದ್ರಿ. ಇವತ್ತ ಕುಲಾ ನೆನಪಾತೇನು?"

ಬಾಗಿಲ ಹೆಂಗಸರು ಪಿಸುಗುಟ್ಟಿದರು. ಅಷ್ಟರಲ್ಲಿ ಡ್ರೈವರ್ ಕೈ ಒರೆಸಿಕೊಳ್ಳುತ್ತ ಒಳಗೆ ಬಂದ. ಅವ್ವನ ಮುಖ ನೋಡಿದ, ನೆಲದ ಮೇಲಿನ ತಂಬಿಗೆ ನೋಡಿದ. ಅವನ ಮುಖ ಹಾಗೆ ಬಿಗಿದದ್ದನ್ನು ನಾನು ಎಂದೂ ಕಂಡಿರಲಿಲ್ಲ.

"ಏನ್ರಿ ಕಾಕಾ. ದಿನಾ ನನ್ನ ಬಾಜೂಕ ಕುಂತು ತಿರುಗ್ತೀರಿ. ನನ್ನ ಮನಿ ನೀರು ಮೈಲಿಗಿ ಆತೇನ್ರಿ?"

ಅವರು ಬಾಯಿ ತೆರೆದರು. ಸೈರನ್ ಆದಾಗ ತೆರೆಯುವಂತೆ, ಸದ್ದಿಲ್ಲದೆ. ಕಣ್ಣು ಮುಚ್ಚಿಕೊಂಡರು. ನನಗೆ ಕೂಸಿನ ಎದೆ ಏರುತ್ತಿದೆಯೇ ಎಂದು ನೋಡುವುದೇ ಆಗಿತ್ತು.

"ಕೂಸಿಗೆ ಈ ನೀರು ಬ್ಯಾಡವ್ವಾ" ಎಂದರು. "ಒಂದು ಹನೀನೂ ಬ್ಯಾಡ. ಕೂಸಿಗೆ ಅದು ವಿಷಾ ಆಗೈತಿ. ಆ ತುಟಿ ಕರೀ ಅಲ್ಲ, ನೀಲಿ."

"ನಾವೇನು ಹಸೀ ನೀರು ಕೊಡ್ತೇವೇನ್ರಿ?" ಅಜ್ಜಿಗೆ ಇನ್ನೂ ಸಿಟ್ಟು. "ಕಾಸೇ ಕೊಡ್ತೇವಿ. ನರ್ಸಮ್ಮ ಕಾಸ್ರಿ ಅಂದಾಳ. ನಾ ಅಕೀಗಿಂತ ಹೆಚ್ಚ ಕಾಸ್ತೇನಿ, ಅರ್ಧಕ್ಕ ಇಳಿಯೂ ತನಕ."

ಅವರು ಅಜ್ಜಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತರು.

"ಅವ್ವಾ, ನೀರು ಹಾರ್ತೈತಿ, ಉಪ್ಪು ಹಾರೂದಿಲ್ಲ. ಸಾರು ಭಾಳ ಕುದಸಿದ್ರ ಉಪ್ಪು ಏರೂದಿಲ್ಲೇನು? ಇದರಾಗಿಂದೂ ಹಂಗ."

ಸಾರಿನ ಮಾತು ಅಜ್ಜಿಗೆ ಕೂಡಲೇ ತಿಳಿಯಿತು. ಬೇರೆ ಏನು ಹೇಳಿದ್ದರೂ ಅಷ್ಟು ಬೇಗ ತಿಳಿಯುತ್ತಿರಲಿಲ್ಲ. ಕೂಸನ್ನು ಎದೆಗೆ ಒತ್ತಿಕೊಂಡಳು. "ಅಯ್ಯ ಶಿವನ, ನನ್ನ ಕೈಲೇ ಮಾಡಿದ್ನೇನೋ" ಎಂದಳು.

"ನಿನ್ನ ಕೈಲೆ ಅಲ್ಲ. ನಾ ಇಲ್ಲಿ ನಿಂತು ಕುಡದೆ. ನೀವು ನನ್ನ ನೋಡಿ ಕುಡಸಿದ್ರಿ" ಎಂದರು. ಆಮೇಲೆ ಡ್ರೈವರನ ಕಡೆ ತಿರುಗಿ, "ಜೀಪು ತಿರುಗಿಸು. ಬಾಗಲಕೋಟಿ."

ಕೇರಿಯಿಂದ ಹೆದ್ದಾರಿಗೆ ಇದ್ದದ್ದು ಒಂದೇ ದಾರಿ, ಗಣಿಯ ಮಗ್ಗುಲಿಗೆ. ಅಲ್ಲಿಗೆ ಬರುವಷ್ಟರಲ್ಲಿ ಸೈರನ್ ಕೂಗಿತು. ದಾರಿಗೆ ಅಡ್ಡ ಬೊಂಬು ಇಳಿದಿತ್ತು. ಕೆಂಪು ಬಾವುಟ ಹಿಡಿದ ಕಾವಲುಗಾರ ಕೈ ಬೀಸಿದ. ಮದ್ದು ಹಾರುವ ತನಕ ಯಾರೂ ದಾಟುವಂತಿಲ್ಲ.

"ಮುರದ ಹೋಗ್ತೇನಿ" ಎಂದ ಡ್ರೈವರ್. ಜೀಪು ಗುರ್ರೆಂದಿತು.

ಪಕ್ಕದಲ್ಲಿ ಕೂತಿದ್ದ ಅವರು ಕೈ ಹಾಕಿ ಕೀಲಿ ತಿರುಗಿಸಿ ತೆಗೆದುಬಿಟ್ಟರು.

"ಕೀಲಿ ಕೊಡ್ರಿ ಕಾಕಾ."

"ಮುಗೀಲಿ."

"ನನ್ನ ಕೂಸು ಸಾಯಾಕ ಹತ್ತೈತಿ! ನಿಮ್ಮ ಅಂಜಿಕಿ ಮನಿ ಹಾಳಾಗ್ಲಿ, ಕೀಲಿ ಕೊಡ್ರಿ!"

ಅವರ ಅಂಗಿಯ ಕೊರಳು ಹಿಡಿದು ಜಗ್ಗಿದ. ಮೇಲಿನ ಗುಂಡಿ ಹರಿದು ಬಿತ್ತು. ಅವರು ಕೀಲಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಕೂತೇ ಇದ್ದರು. ಅವರ ಹಲ್ಲು ಕಟಕಟ ಎನ್ನುವುದು ಹಿಂದೆ ಕೂತ ನನಗೆ ಕೇಳುತ್ತಿತ್ತು. ನನ್ನ ಬಾಜಿನಲ್ಲಿ ಸೊಸೆ ಕೂಸಿನ ಕೆನ್ನೆ ತಟ್ಟುತ್ತಿದ್ದಳು: "ಅಳೋ, ಅಳೋ ನನ್ನಪ್ಪಾ, ಒಮ್ಮೆ ಅಳೋ." ಅದು ಅಳಲಿಲ್ಲ. ಅಜ್ಜಿ ದೇವರ ಹೆಸರನ್ನೂ ಹೇಳುತ್ತಿರಲಿಲ್ಲ, ಕೂಸಿನ ಉಗುರುಗಳನ್ನು ಒಂದೊಂದಾಗಿ ಒತ್ತಿ ನೋಡುತ್ತಿದ್ದಳು, ಕೆಂಪಾಗುತ್ತವೇನೋ ಎಂದು. ಅವರು ಹಿಂದಕ್ಕೆ ತಿರುಗಿ, ಸೀಟಿನ ಮೇಲಿಂದ ಉದ್ದ ಕೈ ಚಾಚಿ, ಕೀಲಿ ಹಿಡಿದ ಮುಷ್ಟಿಯಿಂದ ಒಂದು ಕಿವಿ, ಅಂಗೈಯಿಂದ ಇನ್ನೊಂದು, ಕೂಸಿನ ಎರಡೂ ಕಿವಿ ಮುಚ್ಚಿದರು.

ಮದ್ದು ಹಾರಿತು. ನೆಲ ಜೀಪನ್ನು ಎತ್ತಿ ಇಟ್ಟಂತಾಯಿತು. ಕೆಂಪು ಧೂಳು ಮೇಲೆದ್ದು ದಾರಿಗೆ ಕವಿದು, ನಿಧಾನ ಇಳಿಯಿತು. ದಾರಿಯ ಮೇಲೆ ಒಂದು ಹರಳೂ ಬಿದ್ದಿರಲಿಲ್ಲ.

"ನೋಡ್ರಿ" ಎಂದ ಡ್ರೈವರ್. ಅಳುತ್ತಿದ್ದ. "ಏನೂ ಬೀಳಲಿಲ್ಲ. ನಾ ದಾಟಿ ಹೋಗತಿದ್ದೆ."

ಅವರು ಕೀಲಿ ಕೊಟ್ಟರು. ಆ ಹೊತ್ತು ಅವರು ಮಾಡಿದ್ದು ಸರಿಯೋ ಅಲ್ಲವೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ನನಗೆ ಇವತ್ತಿಗೂ ಗೊತ್ತಿಲ್ಲ. ಅವರನ್ನು ಕೇಳಿದ್ದಕ್ಕೆ, "ನನಗೂ ಗೊತ್ತಿಲ್ಲ ತಂಗಿ. ಅಂಜಿದೆ, ಅಷ್ಟ" ಎಂದಿದ್ದರು.

ಬಾಗಲಕೋಟೆಯ ದವಾಖಾನೆಯಲ್ಲಿ ಅವರು ಕಿಸೆಯಿಂದ ಆ ಕೆಂಪು ಪಟ್ಟಿ ತೆಗೆದು ಡಾಕ್ಟರಮ್ಮನ ಮುಂದೆ ಹಿಡಿದರು. ಅದು ಮ್ಯಾನೇಜರ್ ಬಿಟ್ಟು ಇನ್ಯಾರ ಕಣ್ಣಿಗೂ ಬೀಳಬಾರದ ಪಟ್ಟಿ. "ಬೋರಿನ ನೀರ್ರಿ. ಗಣಿ ಮದ್ದಿನ ಉಪ್ಪು. ಬಾಟ್ಲಿ ಹಾಲು" ಎಂದು ಮೂರು ತುಂಡಾಗಿ ಹೇಳಿದರು. ಆಕೆ ಪಟ್ಟಿ ನೋಡಿ, ಕೂಸಿನ ತುಟಿ ನೋಡಿ, ಅದನ್ನು ಎತ್ತಿಕೊಂಡು ಒಳಗೆ ಓಡಿದಳು. ಕೂಸಿನ ರಕ್ತ ತೆಗೆದದ್ದನ್ನು ಬಾಗಿಲ ಸಂದಿಯಿಂದ ನೋಡಿದೆ. ಕೆಂಪಿರಲಿಲ್ಲ. ಡಿಕಾಕ್ಷನ್ನಿನ ಬಣ್ಣ.

ಸ್ವಲ್ಪ ಹೊತ್ತಿಗೆ ನರ್ಸ್ ಒಂದು ಸೂಜಿ ಹಿಡಿದು ಹೋದಳು. ಅದರೊಳಗಿನ ಔಷಧ ಕಡು ನೀಲಿ, ಬಟ್ಟೆಗೆ ಹಾಕುವ ನೀಲಿಯಂಥದು. ಡ್ರೈವರ್ ಅವಳ ಮುಂದೆ ಅಡ್ಡ ನಿಂತ. "ನೀಲಿ ಆದ ಕೂಸಿಗೆ ಮತ್ತ ನೀಲೀನ ಹಾಕ್ತೀರೇನು? ಮಂದಿ ಅದೀರೋ ಏನು?"

"ಇದೇ ಔಷಧರೀ, ದಾರಿ ಬಿಡ್ರಿ" ಎಂದಳು.

ಅವನು ಸರಿಯಲಿಲ್ಲ. ಅವನಿಗೆ ಯಾರ ಮೇಲೂ ನಂಬಿಕೆ ಉಳಿದಿರಲಿಲ್ಲ, ನೀರಿನ ಮೇಲೂ, ಕಾಸಿದ ನೀರಿನ ಮೇಲೂ, ನಮ್ಮ ಮೇಲೂ. ಅವರು ಹೋಗಿ ಅವನ ಹೆಗಲು ಹಿಡಿದು, "ನನಗೂ ಅಂಜಿಕಿ ಆಗೈತಿ. ಇಬ್ಬರೂ ಕೂಡೇ ಅಂಜೂಣು, ಇತ್ತ ಬಾ" ಎಂದು ಗೋಡೆಯ ಕಡೆ ಎಳೆದುಕೊಂಡರು. ಅವನು ಹೋದ. ಇಬ್ಬರೂ ಕೈ ಹಿಡಿದುಕೊಂಡು ಗೋಡೆಗೆ ಒರಗಿ ನಿಂತರು.

ಆ ಹೊತ್ತಿಗೇ ಫೋನು ಬಂತು. ಅವರು ಎಂದಿನಂತೆ ನೆಟ್ಟಗೆ ನಿಂತರು. ಮ್ಯಾನೇಜರ್ ದನಿ ನನಗೂ ಕೇಳುತ್ತಿತ್ತು. ಕೇರಿಯ ಮಂದಿ ಗೇಟಿಗೆ ಬಂದು ಕೂತಿದ್ದರಂತೆ.

"ಅವರಿಗೆ ಹೇಳಿದ್ದು ಯಾರು?"

"ನಾನ್ರಿ."

"ವರದಿ ಬಂದಿದೆಯಾ?"

"ಇಲ್ರಿ."

"ಮತ್ತೆ ಯಾವ ಆಧಾರದ ಮೇಲೆ ಹೇಳಿದಿರಿ?"

ಅವರು ಒಳಕೋಣೆಯ ಬಾಗಿಲ ಕಡೆ ನೋಡಿದರು. "ಕೂಸಿನ ತುಟಿ ನೋಡಿ ಹೇಳಿದೆನ್ರಿ" ಎಂದರು. ಅತ್ತ ಕಡೆ ಇಟ್ಟುಬಿಟ್ಟರು. ಇವರು "ಹೂನ್ರಿ" ಎನ್ನಲಿಲ್ಲ.

ಮುಂದೆ ಆದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಅವರನ್ನು ಮನೆಗೆ ಕಳಿಸಲಿಲ್ಲ. ನೀರಿನ ಕೆಲಸದಿಂದ ತೆಗೆದು ಲಾರಿ ತೂಗುವ ಕಟ್ಟೆಗೆ ಹಾಕಿದರು. ನಿವೃತ್ತಿಯ ತನಕ ಅಲ್ಲೇ ಧೂಳಿನಲ್ಲಿ ಕೂತರು. ವರದಿ ಬಂತು, ಪಟ್ಟಿ ಹೇಳಿದ್ದನ್ನೇ ಹೇಳಿತು. ಕೇರಿಗೆ ಟ್ಯಾಂಕರ್ ನೀರು ಬರತೊಡಗಿತು, ಪಂಪಿನ ಕೊಳವೆ ಬೇರೆ ಕಡೆ ತಿರುಗಿತು. ಪಟ್ಟಿಗಳು ನನ್ನ ಚೀಲಕ್ಕೆ ಬಂದವು. ಈಗ ಕೆಳಗಿನ ಊರುಗಳಿಗೆ ನಾನೇ ಹೋಗುತ್ತೇನೆ. ಮೊದಲು ನಳಕ್ಕೆ ಹೋಗಿ ಪಟ್ಟಿ ಅದ್ದಿ, ಆಮೇಲೆ ಮನೆಯೊಳಗೆ ಕಾಲಿಡುತ್ತೇನೆ. ಒಳಗೆ ಹೆಂಗಸರು ನನ್ನ ಗಂಟಲು ನೋಡುತ್ತ ನಿಂತಿರುತ್ತಾರೆ. ಅಷ್ಟು ಕಣ್ಣುಗಳ ಮುಂದೆ ಒಂದು ಗುಟುಕು ನುಂಗುವುದೆಂದರೆ ಏನೆಂದು ಅವರಿದ್ದಾಗ ನನಗೆ ತಿಳಿದಿರಲಿಲ್ಲ. ಪಟ್ಟಿ ಬೆಳ್ಳಗೇ ಇದ್ದರೂ ಚೀಲದಿಂದ ತೆಗೆದು ಇನ್ನೊಮ್ಮೆ ನೋಡಿಯೇ ಕುಡಿಯುತ್ತೇನೆ.

ಆ ಸಂಜೆ ದವಾಖಾನೆಯಲ್ಲಿ ಹೊತ್ತು ಇಳಿಯುವಾಗ ಒಳಗಿಂದ ಒಂದು ಸದ್ದು ಬಂತು. ಮೊದಲು ಬೆಕ್ಕಿನದೆಂದುಕೊಂಡೆ. ಆಮೇಲೆ ಅದು ದೊಡ್ಡದಾಯಿತು, ಸಿಟ್ಟಿನದಾಯಿತು. ಸೊಸೆ ಬಾಗಿಲಿಗೆ ಓಡಿದಳು. ಕೂಸು ಹಸಿದು ಒದರುತ್ತಿತ್ತು. ತುಟಿ ಇನ್ನೂ ಪೂರ್ತಿ ಕೆಂಪಾಗಿರಲಿಲ್ಲ. ಮೂತ್ರ ನೀಲಿ ಹೋಗುತ್ತದೆ, ಹೆದರಬೇಡಿ, ರಾತ್ರಿಯೆಲ್ಲ ನೋಡಬೇಕು, ಇನ್ನೂ ಏನೂ ಹೇಳುವುದಿಲ್ಲ ಎಂದಳು ಡಾಕ್ಟರಮ್ಮ. ಆದರೆ ಅದು ಒದರುತ್ತಿತ್ತು. ಅಜ್ಜಿ ನೆಲಕ್ಕೆ ಕೂತು, "ಒದರ್ಲಿ, ಯಾರೂ ಸುಮ್ಮನಿರಸಬ್ಯಾಡ್ರಿ, ಒದರ್ಲಿ" ಎಂದಳು.

ಬೆಳಗಿನಿಂದ ಯಾರ ಹೊಟ್ಟೆಗೂ ಏನೂ ಹೋಗಿರಲಿಲ್ಲ. ನಾನು ಹೊರಗಿನ ಗಾಡಿಯಿಂದ ಚುರುಮುರಿಯ ಗಿರಮಿಟ್ಟು, ಮೆಣಸಿನಕಾಯಿ ಭಜಿ ಕಟ್ಟಿಸಿಕೊಂಡು ಬಂದೆ. ನನ್ನ ಡಬ್ಬಿಯಲ್ಲಿ ಎರಡು ರೊಟ್ಟಿ, ಶೇಂಗಾ ಚಟ್ನಿ ಹಾಗೇ ಇದ್ದವು. ಮುರಿದು ಎಲ್ಲರಿಗೂ ಕೊಟ್ಟೆ. ಪಡಸಾಲೆಯ ನೆಲದ ಮೇಲೆ ಕಾಗದ ಹಾಸಿ ಉಂಡೆವು. ಡ್ರೈವರ್ ಒಂದು ಭಜಿ ಎತ್ತಿ, ಗುಂಡಿ ಹರಿದ ಕೊರಳಿನ ಕಡೆ ನೋಡದೆ, ಅವರ ಕಾಗದದ ಮೇಲಿಟ್ಟ. ಅವರು ತಿಂದರು. ನರ್ಸ್ ಬಂದು ಒಬ್ಬರು ಎಚ್ಚರ ಇರಬೇಕು, ಕೂಸು ಮಂಕಾದರೆ ಕೂಡಲೇ ಕರೆಯಬೇಕು ಎಂದು ಹೇಳಿ ಹೋದಳು. ನಾವು ನಾಲ್ವರೂ ನಾ ಇರ್ತೇನಿ ನಾ ಇರ್ತೇನಿ ಎಂದೆವು. ಐದನೆಯವರು ಏನೂ ಅನ್ನಲಿಲ್ಲ. ತಿರುಗಿ ನೋಡಿದರೆ ಭಜಿಯ ತೊಟ್ಟು ಕೈಯಲ್ಲೇ ಇತ್ತು, ತಲೆ ಗೋಡೆಗೆ ಒರಗಿತ್ತು, ಬಾಯಿ ಸ್ವಲ್ಪ ತೆರೆದಿತ್ತು. ಎಲ್ಲರಿಗಿಂತ ಮೊದಲು ನಿದ್ದೆ ಹೋಗಿದ್ದರು. ಕೂಸು ಇನ್ನೂ ಕಣ್ಣು ಬಿಟ್ಟುಕೊಂಡೇ ಇತ್ತು.